ಮ್ಯಾಕ್‌ನಲ್ಲಿ ವಿಂಡೋಸ್ ಡಿಸೈನ್ ಸಾಫ್ಟ್‌ವೇರ್ ಕೈಕೊಟ್ಟಾಗ: ಸೋರುತ್ತಿರುವುದು ಯಾವ ಮಹಡಿ?

ಮುಂಬೈಯ ಹಳೆ ಬಿಲ್ಡಿಂಗುಗಳಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ. ಜುಲೈ ತಿಂಗಳಲ್ಲಿ ಬೆಡ್‌ರೂಮಿನ ಮೂಲೆಯಲ್ಲಿ ಒದ್ದೆ ಕಲೆ ಕಾಣುತ್ತದೆ. ಮೊದಲ ಕೆಲಸ, ಮೇಲಿನ ಫ್ಲ್ಯಾಟಿನವರ ಜೊತೆ ಜಗಳ. ಅವರು ಬಾತ್‌ರೂಮ್ ಟೈಲ್ಸ್ ಒಡೆಸಿ ನೋಡಿದರೆ ಅಲ್ಲಿ ಏನೂ ಇಲ್ಲ. ಕೊನೆಗೆ ನೋಡಿದರೆ ನೀರು ಟೆರೇಸಿನಿಂದ ಇಳಿದು, ಪೈಪಿನ ಪಕ್ಕದಲ್ಲೇ ಮೂರು ಮಹಡಿ ಜಾರಿ, ನಮ್ಮ ಗೋಡೆಯಲ್ಲಿ ಮುಖ ತೋರಿಸಿದೆ ಅಷ್ಟೇ.

ಮ್ಯಾಕ್‌ನಲ್ಲಿ ವಿಂಡೋಸ್ ಸಾಫ್ಟ್‌ವೇರ್ ಓಡಿಸುವುದೂ ಹೀಗೇ. ಕೆಳಗೆ ಮ್ಯಾಕ್. ಅದರ ಮೇಲೆ ಪ್ಯಾರಲಲ್ಸ್ ಅಥವಾ ಫ್ಯೂಶನ್ ಥರದ್ದು, ಅಂದರೆ ವಿಂಡೋಸನ್ನು ಹೊತ್ತುಕೊಂಡ ವರ್ಚುವಲ್ ಮಷೀನ್, ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ಅದರೊಳಗೆ ವಿಂಡೋಸ್. ಎಲ್ಲದರ ಮೇಲೆ ನಿಮ್ಮ ಡಿಸೈನ್ ಸಾಫ್ಟ್‌ವೇರ್. ಕಲೆ ಕಾಣುವುದು ಯಾವಾಗಲೂ ಮೇಲಿನ ಮಹಡಿಯಲ್ಲಿ, ಹಾಗಾಗಿ ಎಲ್ಲರೂ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕುತ್ತಾ ಕೂರುತ್ತಾರೆ. ನಾನೂ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಕೂತು ಹೋಟೆಲುಗಳ ಇಂಟೀರಿಯರ್ ಡ್ರಾಯಿಂಗ್, ಬೋರ್ಡು, ಮೆನು ಕಾರ್ಡು ಮಾಡುವವನು. ಹಾಗೆ ಕಳೆದ ಭಾನುವಾರಗಳ ಲೆಕ್ಕ ನನ್ನಲ್ಲಿಲ್ಲ. ಈಗ ಮಾಡುವುದು ಬೇರೆ: ಮೊದಲು ಯಾವ ಮಹಡಿ ಅಂತ ಹುಡುಕುತ್ತೇನೆ, ಆಮೇಲೆ ಸ್ಕ್ರೂ ಡ್ರೈವರ್.

ಏನನ್ನೂ ಮುಟ್ಟುವ ಮೊದಲು

ಆಪಲ್ ಮೆನುವಿನಲ್ಲಿ ಅಬೌಟ್ ದಿಸ್ ಮ್ಯಾಕ್ ತೆರೆಯಿರಿ. ಚಿಪ್ ಎಂದು ಎಂ1, ಎಂ2, ಎಂ3 ಹೀಗೆ ಇದ್ದರೆ ಅದು ಆಪಲ್‌ನ ಸ್ವಂತ ಚಿಪ್, 2020ರ ನವೆಂಬರ್‌ನಿಂದ ಬಂದದ್ದು. ಇಂಟೆಲ್ ಎಂದಿದ್ದರೆ ಹಳೆಯದು. ಈ ಒಂದು ಸಾಲಿನ ಮೇಲೆ ಮುಂದಿನ ಅರ್ಧ ಉತ್ತರ ನಿಂತಿದೆ, ಯಾಕೆಂದರೆ ಎಂ ಚಿಪ್‌ನಲ್ಲಿ ಓಡುವುದು ಆರ್ಮ್ ಎಂಬ ಬೇರೆ ಜಾತಿಯ ವಿಂಡೋಸ್.

ಎರಡನೆಯದು, ನಿಮ್ಮ ಸಾಫ್ಟ್‌ವೇರಿಗೆ ಮ್ಯಾಕ್ ಆವೃತ್ತಿ ಇದೆಯೇ ನೋಡಿ. ನಗಬೇಡಿ. ಕೋರೆಲ್‌ಡ್ರಾ 2019ರಲ್ಲಿ ಮ್ಯಾಕ್‌ಗೆ ವಾಪಸ್ ಬಂದಿದೆ, ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆ, ಸ್ಕೆಚಪ್, ರೈನೋ, ಬ್ಲೆಂಡರ್ ಎಲ್ಲಾ ನೇರವಾಗಿ ಓಡುತ್ತವೆ. ಆಟೋಕ್ಯಾಡ್‌ನ ಮ್ಯಾಕ್ ಆವೃತ್ತಿಯಲ್ಲಿ ವಿಂಡೋಸಿನದರಷ್ಟು ಸೌಲಭ್ಯ ಇಲ್ಲ, ನಿಜ, ಆದರೆ ಹೋಟೆಲ್ ಅಡುಗೆಮನೆಯ ಪ್ಲಾನ್ ಬರೆಯೋದಕ್ಕೆ ಧಾರಾಳ ಸಾಕು. ರೆವಿಟ್, 3ಡಿಎಸ್ ಮ್ಯಾಕ್ಸ್, ಸಾಲಿಡ್‌ವರ್ಕ್ಸ್ ಮಾತ್ರ ವಿಂಡೋಸ್ ಬಿಟ್ಟು ಕದಲುವುದಿಲ್ಲ. ಅಂಥವು ಬೇಕಾದವರಿಗೇ ಕೆಳಗಿನದೆಲ್ಲ.

ಮೂರನೆಯದು ಬ್ಯಾಕಪ್. ವಿಂಡೋಸನ್ನು ಸಸ್ಪೆಂಡ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ, ವರ್ಚುವಲ್ ಮಷೀನಿನ ಫೈಲನ್ನು ಹೊರಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ. ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಟ್ಟದ್ದು, ಇದೆಯಲ್ಲ ಅನ್ನಬೇಡಿ. ಸ್ನ್ಯಾಪ್‌ಶಾಟ್ ಇರುವುದು ಅದೇ ಫೈಲಿನ ಹೊಟ್ಟೆಯಲ್ಲಿ, ಫೈಲ್ ಹೋದರೆ ಅದೂ ಹೋಯಿತು. ಒಮ್ಮೆ ನಾನು ಜಾಗ ಸಾಲದೆ "ಹಳೇ ವಿಂಡೋಸ್" ಅಂತ ಒಂದನ್ನು ಟ್ರ್ಯಾಶ್‌ಗೆ ತಳ್ಳಿ ಖಾಲಿ ಮಾಡಿದೆ. ಮಾಟುಂಗಾದ ಒಂದು ಹೋಟೆಲಿನ ಪೂರ್ತಿ ಕಿಚನ್ ಡ್ರಾಯಿಂಗ್ ಅದರೊಳಗೇ ಇತ್ತು. ಆಟೋಸೇವ್ ಫೈಲುಗಳೂ ಅಲ್ಲೇ. ಯಾರನ್ನು ಬೈಯಲಿ?

ವಿಂಡೋಸ್ ಹಾಕಲಿಕ್ಕೇ ಆಗುತ್ತಿಲ್ಲ

ಮ್ಯಾಕ್ ಮೇಲೆ ವಿಂಡೋಸನ್ನು ನೇರವಾಗಿ ಹಾಕುವ ಆಪಲ್‌ನ ಬೂಟ್ ಕ್ಯಾಂಪ್ ಹುಡುಕುತ್ತಿದ್ದೀರಾ? ಎಂ ಚಿಪ್‌ನ ಮ್ಯಾಕ್‌ಗಳಲ್ಲಿ ಅದು ಇಲ್ಲವೇ ಇಲ್ಲ. ಯಾವ ಸೆಟ್ಟಿಂಗ್ ತಿರುಗಿಸಿದರೂ ಬರುವುದಿಲ್ಲ. ಇಂಟೆಲ್ ಮ್ಯಾಕ್‌ನಲ್ಲಿ ಇದೆ, ಆದರೆ ಅದು ವಿಂಡೋಸ್ 10ರ ತನಕ ಮಾತ್ರ, ಮತ್ತು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ವರ್ಚುವಲ್ ಮಷೀನಿನಲ್ಲಿ ಬೂಟ್ ಆಗದೆ ಕಪ್ಪು ಪರದೆಯಲ್ಲಿ ನಿಂತರೆ ಹೆಚ್ಚಾಗಿ ಕಾರಣ ಒಂದೇ: ಗೆಳೆಯನ ಪೆನ್‌ಡ್ರೈವಿನಿಂದ ತಂದ ಇಂಟೆಲ್ ಮಾದರಿಯ ವಿಂಡೋಸ್. ಎಂ ಚಿಪ್‌ಗೆ ಆರ್ಮ್ ಮಾದರಿಯ ವಿಂಡೋಸ್ 11ನೇ ಬೇಕು. ಪ್ಯಾರಲಲ್ಸ್ ಅದನ್ನು ತಾನೇ ಇಳಿಸಿಕೊಳ್ಳುತ್ತದೆ, ಮೈಕ್ರೋಸಾಫ್ಟ್ ಸೈಟಿನಲ್ಲೂ ಸಿಗುತ್ತದೆ. "ರೊಸೆಟ್ಟಾ ಇದೆಯಲ್ಲ, ಅದು ಇಂಟೆಲನ್ನು ಓಡಿಸುತ್ತಲ್ಲ" ಅಂತ ಕೇಳುವವರು ಬಹಳ. ರೊಸೆಟ್ಟಾ ಓಡಿಸುವುದು ಇಂಟೆಲ್‌ಗೆ ಬರೆದ ಮ್ಯಾಕ್ ಆ್ಯಪ್‌ಗಳನ್ನು. ಇಡೀ ಇಂಟೆಲ್ ವಿಂಡೋಸನ್ನು ಅದು ಹೊರುವುದಿಲ್ಲ. ಯುಟಿಎಂ ಥರದ ಉಚಿತ ಸಾಫ್ಟ್‌ವೇರ್ ಇಂಟೆಲ್ ವಿಂಡೋಸನ್ನು ಅನುಕರಿಸಿ ಓಡಿಸಬಲ್ಲದು, ಆದರೆ ವೇಗ ಎಷ್ಟಿರುತ್ತದೆ ಅಂದರೆ, ಬೂಟ್ ಆಗುವಷ್ಟರಲ್ಲಿ ನೀವು ಚಹಾ ಮಾಡಿ ಕುಡಿದು ಲೋಟ ತೊಳೆದಿಟ್ಟಿರುತ್ತೀರಿ. ಡಿಸೈನ್ ಕೆಲಸಕ್ಕೆ ಅದು ಆಗದ ಮಾತು.

ಖರ್ಚಿನ ವಿಷಯ. ಪ್ಯಾರಲಲ್ಸ್‌ಗೆ ದುಡ್ಡು ಕೊಡಬೇಕು. ವಿಎಂವೇರ್ ಫ್ಯೂಶನ್ 2024ರ ನವೆಂಬರ್‌ನಿಂದ ಕಚೇರಿ ಕೆಲಸಕ್ಕೂ ಉಚಿತ. ಎರಡರಲ್ಲೂ ವಿಂಡೋಸ್ ಲೈಸೆನ್ಸ್ ಬೇರೆ. ಕ್ರಾಸ್‌ಓವರ್ ಅಂತ ಒಂದಿದೆ, ವಿಂಡೋಸೇ ಇಲ್ಲದೆ ಕೆಲವು ವಿಂಡೋಸ್ ಆ್ಯಪ್ ಓಡಿಸುತ್ತದೆ. ಸಣ್ಣ ಸಾಫ್ಟ್‌ವೇರಿಗೆ ಚೆನ್ನಾಗಿದೆ, ಟ್ರಯಲ್ ಹಾಕಿ ನೋಡಿ. ದೊಡ್ಡ ಕ್ಯಾಡ್ ಪ್ಯಾಕೇಜುಗಳಿಗೆ ನಾನಂತೂ ಅದನ್ನು ನಂಬುವುದಿಲ್ಲ.

ಸಾಫ್ಟ್‌ವೇರ್ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ, ಅಥವಾ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ

ಸುಲಭದ್ದು ಮೊದಲು. ಇನ್‌ಸ್ಟಾಲರ್ ಫೈಲ್ ಎಲ್ಲಿದೆ? ಮ್ಯಾಕ್‌ನ ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ಡಬಲ್ ಕ್ಲಿಕ್ ಮಾಡಿದ್ದರೆ ವಿಂಡೋಸ್ ಕಣ್ಣಿಗೆ ಅದು ನೆಟ್‌ವರ್ಕಿನ ದೂರದ ಫೋಲ್ಡರು. ದೊಡ್ಡ ಇನ್‌ಸ್ಟಾಲರುಗಳು ಅಲ್ಲಿ ಎಡವುತ್ತವೆ. ಫೈಲನ್ನು ಸಿ ಡ್ರೈವಿಗೆ ಕಾಪಿ ಮಾಡಿ ಅಲ್ಲಿಂದ ಓಡಿಸಿ. ಅರ್ಧ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಸಿ ಡ್ರೈವಿನಲ್ಲಿ ಖಾಲಿ ಜಾಗ ನೋಡಿ. ಮ್ಯಾಕ್‌ನಲ್ಲಿ 200 ಜಿಬಿ ಖಾಲಿ ಇದ್ದರೂ ವರ್ಚುವಲ್ ಡಿಸ್ಕ್‌ಗೆ 64 ಜಿಬಿ ಮಿತಿ ಹಾಕಿದ್ದರೆ ವಿಂಡೋಸ್‌ಗೆ ಕಾಣುವುದು ಅಷ್ಟೇ. ಜೊತೆಗೆ ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ. ಆರ್ಮ್ ವಿಂಡೋಸಿನಲ್ಲಿ ಇಂಟೆಲ್ ಆ್ಯಪ್‌ಗಳನ್ನು ಅನುವಾದ ಮಾಡಿ ಓಡಿಸುವ ಭಾಗಕ್ಕೆ ಪ್ರಿಸಮ್ ಅಂತ ಹೆಸರು, ಅದು 24ಎಚ್2 ಆವೃತ್ತಿಯಲ್ಲಿ ಬಂತು. ಅದಕ್ಕಿಂತ ಹಳೆಯದರಲ್ಲಿ ಒದ್ದಾಡುವುದು ಸುಮ್ನೆ ಕಷ್ಟ.

ಇಷ್ಟಾದ ಮೇಲೂ "ಈ ಪ್ರೊಸೆಸರಿಗೆ ಬೆಂಬಲ ಇಲ್ಲ" ಎಂಬ ಅರ್ಥದ ಸಂದೇಶ ಬಂದರೆ, ಇನ್‌ಸ್ಟಾಲರ್ ಆರ್ಮ್ ಕಂಡು ಬಾಗಿಲು ಹಾಕಿಕೊಂಡಿದೆ ಅಂತ ಅರ್ಥ. ಕಂಪನಿಯ ಸಿಸ್ಟಮ್ ರಿಕ್ವೈರ್‌ಮೆಂಟ್ ಪುಟ ಓದಿ. ಅಲ್ಲಿ ಆರ್ಮ್ ಇಲ್ಲ ಅಂತಿದ್ದರೆ, ಓಡಿದರೂ ನಿಮ್ಮ ಹೊಣೆಯ ಮೇಲೆ, ನಾಳೆ ಕ್ರ್ಯಾಶ್ ಆದರೆ ಕಸ್ಟಮರ್ ಕೇರ್ ಕೈ ಎತ್ತುತ್ತದೆ. ಓಡುವುದು ಬೇರೆ, ಬೆಂಬಲ ಇರುವುದು ಬೇರೆ. ಕೆಲಸ ಒಪ್ಪಿಕೊಳ್ಳುವ ಮೊದಲು ಈ ವ್ಯತ್ಯಾಸ ನೆನಪಿರಲಿ.

ಒಂದು ಎಚ್ಚರಿಕೆ. ಇನ್‌ಸ್ಟಾಲ್ ಆಗುತ್ತಿಲ್ಲ ಅಂತ ಕ್ರ್ಯಾಕ್ ಮಾಡಿದ ಕಾಪಿ ತಂದು ಆ್ಯಂಟಿವೈರಸ್ ಆಫ್ ಮಾಡಿ ಹಾಕಬೇಡಿ. ವರ್ಚುವಲ್ ಮಷೀನಿನೊಳಗಿದೆ, ಮ್ಯಾಕ್‌ಗೆ ಏನೂ ಆಗಲ್ಲ ಅನ್ನುವುದು ತಪ್ಪು. ಮ್ಯಾಕ್‌ನ ಫೋಲ್ಡರುಗಳನ್ನು ವಿಂಡೋಸ್ ಜೊತೆ ಹಂಚಿಕೊಂಡಿದ್ದೀರಿ ಅಲ್ವಾ? ಆ ಬಾಗಿಲು ವೈರಸ್‌ಗೂ ತೆರೆದೇ ಇರುತ್ತದೆ.

ಡಾಂಗಲ್ ಕಾಣುತ್ತಿಲ್ಲ, ಲೈಸೆನ್ಸ್ ಮತ್ತೆ ಮತ್ತೆ ಕೇಳುತ್ತದೆ

ಝವೇರಿ ಬಜಾರಿನಲ್ಲಿ ಆಭರಣ ಡಿಸೈನ್ ಮಾಡುವ ಗೆಳೆಯನೊಬ್ಬನಿದ್ದಾನೆ. ಯುಎಸ್‌ಬಿ ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವ ಸಾಫ್ಟ್‌ವೇರ್ ಅವನದು. ಹೊಸ ಮ್ಯಾಕ್‌ಬುಕ್ ತಂದ ದಿನ ಡಾಂಗಲಿನ ಲೈಟು ಉರಿಯುತ್ತಿದೆ, ಸಾಫ್ಟ್‌ವೇರ್ ಮಾತ್ರ "ಕೀ ಸಿಗುತ್ತಿಲ್ಲ" ಅನ್ನುತ್ತಿದೆ. ಅವನು ಮೂರು ಯುಎಸ್‌ಬಿ ಹಬ್ ಬದಲಿಸಿದ.

ಮೊದಲು ನೋಡಬೇಕಾದ್ದು, ಡಾಂಗಲ್ ಯಾರ ಕೈಯಲ್ಲಿದೆ. ಚುಚ್ಚಿದ ಕೂಡಲೇ ಅದನ್ನು ಮ್ಯಾಕ್ ಹಿಡಿದುಕೊಂಡಿರಬಹುದು. ಪ್ಯಾರಲಲ್ಸ್‌ನ ಡಿವೈಸಸ್ ಮೆನುವಿನಲ್ಲಿ ಅದನ್ನು ವಿಂಡೋಸ್‌ಗೆ ಒಪ್ಪಿಸಿ. ಖರ್ಚಿಲ್ಲ, ಹತ್ತು ಸೆಕೆಂಡು. ಆಮೇಲೂ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಕಂಡರೆ ಅದು ಡ್ರೈವರಿನ ಕಥೆ. ಆರ್ಮ್ ವಿಂಡೋಸ್ ಇಂಟೆಲ್ ಆ್ಯಪ್‌ಗಳನ್ನು ಅನುವಾದ ಮಾಡಿ ಓಡಿಸಬಲ್ಲದು, ಡ್ರೈವರುಗಳನ್ನು ಹಾಗೆ ಓಡಿಸಲಾರದು. ಡ್ರೈವರ್ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ಡಾಂಗಲ್ ಮಾಡಿದ ಕಂಪನಿಯ ಸೈಟಿನಲ್ಲಿ ಹೊಸ ಡ್ರೈವರ್ ಹುಡುಕಿ. ಇಲ್ಲದಿದ್ದರೆ ಡಾಂಗಲ್ ಬದಲು ಆನ್‌ಲೈನ್ ಲೈಸೆನ್ಸ್ ಕೊಡುತ್ತಾರಾ ಕೇಳಿ. ಅದೂ ಇಲ್ಲವೆಂದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಹಬ್ ತಂದರೆ ಇನ್ನೊಂದು ಹಬ್ ಇರುತ್ತದೆ, ಅಷ್ಟೇ.

ಡಾಂಗಲ್ ಇಲ್ಲದ ಲೈಸೆನ್ಸ್ ಪದೇ ಪದೇ ಕಳೆದುಹೋಗುತ್ತಿದ್ದರೆ, ನೀವು ವರ್ಚುವಲ್ ಮಷೀನನ್ನು ಕಾಪಿ ಮಾಡಿದ್ದೀರಾ ಯೋಚಿಸಿ. ಕಾಪಿಗೆ ಹೊಸ ಗುರುತಿನ ಸಂಖ್ಯೆಗಳು ಬಂದರೆ ಸಾಫ್ಟ್‌ವೇರ್ ಅದನ್ನು ಬೇರೆ ಕಂಪ್ಯೂಟರ್ ಅಂದುಕೊಳ್ಳುತ್ತದೆ. ಫ್ಯೂಶನ್ ಇಂಥ ಹೊತ್ತಿನಲ್ಲಿ ಮೂವ್ ಮಾಡಿದ್ದೋ ಕಾಪಿ ಮಾಡಿದ್ದೋ ಅಂತ ಕೇಳುತ್ತದೆ. ಬ್ಯಾಕಪ್ಪಿನಿಂದ ವಾಪಸ್ ತರುತ್ತಿದ್ದರೆ ಮೂವ್ ಅನ್ನಿ.

ಎಲ್ಲಾ ತೆರೆಯುತ್ತದೆ, ಆದರೆ ಆಮೆ

ಜಾಸ್ತಿ ಕೇಳಿಬರುವ ದೂರು ಇದೇ, ಮತ್ತು ಜನ ಜಾಸ್ತಿ ದುಡ್ಡು ಕಳೆಯುವುದೂ ಇಲ್ಲೇ.

ಮೊದಲ ಸಲ ತೆರೆದದ್ದನ್ನು ನೋಡಿ ತೀರ್ಮಾನ ಮಾಡಬೇಡಿ. ಇಂಟೆಲ್ ಆ್ಯಪನ್ನು ವಿಂಡೋಸ್ ಅನುವಾದ ಮಾಡುತ್ತಾ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ, ಎರಡನೇ ಮೂರನೇ ಸಲಕ್ಕೆ ಬೇಗ ತೆರೆಯುತ್ತದೆ. ಆಮೇಲೆ ಒಂದು ಸಣ್ಣ ಪರೀಕ್ಷೆ: ವಿಂಡೋಸಿನಲ್ಲಿ ನೋಟ್‌ಪ್ಯಾಡ್ ತೆರೆದು ಟೈಪ್ ಮಾಡಿ. ಅದೂ ಎಳೆಯುತ್ತಿದೆಯಾ? ಹಾಗಿದ್ದರೆ ನಿಮ್ಮ ಸಾಫ್ಟ್‌ವೇರಿನ ತಪ್ಪಲ್ಲ, ಕೆಳಗಿನ ಮಹಡಿ. ಈಗ ಮ್ಯಾಕ್ ಕಡೆ ಬಂದು ಸಫಾರಿಯಲ್ಲಿ ಎರಡು ಟ್ಯಾಬ್ ತೆರೆಯಿರಿ. ಅದೂ ಎಳೆದರೆ ಇನ್ನೂ ಕೆಳಗೆ, ಮ್ಯಾಕ್‌ಗೇ ಉಸಿರು ಕಟ್ಟಿದೆ. ನೋಟ್‌ಪ್ಯಾಡ್ ಚುರುಕಾಗಿದ್ದು ಡಿಸೈನ್ ಸಾಫ್ಟ್‌ವೇರ್ ಮಾತ್ರ ನಿಧಾನ ಅಂದರೆ ಆಗ ಮೇಲಿನ ಮಹಡಿಗೆ ಹತ್ತಿ.

ಮ್ಯಾಕ್‌ಗೆ ಉಸಿರು ಕಟ್ಟಿದಾಗ ಆ್ಯಕ್ಟಿವಿಟಿ ಮಾನಿಟರ್ ತೆರೆದು ಮೆಮೊರಿ ಪ್ರೆಷರ್ ಗ್ರಾಫ್ ನೋಡಿ. ಹಸಿರು ಇದ್ದರೆ ಸರಿ. ಹಳದಿ ಅಂದರೆ ತಿಣುಕುತ್ತಿದೆ. ಕೆಂಪು ಅಂದರೆ ಮೆಮೊರಿ ಮುಗಿದು ಡಿಸ್ಕ್ ಮೇಲೆ ಓಡುತ್ತಿದೆ. ಇಲ್ಲಿ ಜನ ಮಾಡುವ ತಪ್ಪು ಏನೆಂದರೆ, ವಿಂಡೋಸ್ ನಿಧಾನ ಅಂತ ಅದಕ್ಕೆ ಇನ್ನೂ ಜಾಸ್ತಿ ಮೆಮೊರಿ ಕೊಡುವುದು. 8 ಜಿಬಿ ಮ್ಯಾಕ್‌ನಲ್ಲಿ ವಿಂಡೋಸ್‌ಗೆ 6 ಕೊಟ್ಟವರನ್ನು ನೋಡಿದ್ದೇನೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಇಟ್ಟುಕೊಂಡು ಹಾಲ್, ಬೆಡ್‌ರೂಮ್ ಎರಡೂ ಅವನಿಗೇ ಕೊಟ್ಟ ಹಾಗೆ. ನೀವು ಅಡುಗೆಮನೆಯಲ್ಲಿ ಮಲಗಬೇಕು, ಬೆಳಿಗ್ಗೆ ಅವನಿಗೂ ಚಹಾ ಸಿಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಪ್ರೊಸೆಸರ್ ಕೋರ್‌ಗಳಿಗೂ ಇದೇ ಲೆಕ್ಕ.

8 ಜಿಬಿ ಮ್ಯಾಕ್‌ನಲ್ಲಿ ಸಣ್ಣ 2ಡಿ ಕೆಲಸ ಆಗುತ್ತದೆ. 3ಡಿಗೆ 16 ಇರಲೇಬೇಕು, ರೆವಿಟ್‌ನ ದೊಡ್ಡ ಮಾಡೆಲ್‌ಗೆ ಅದೂ ಸಾಲದು. ಈ ಮ್ಯಾಕ್‌ಗಳಲ್ಲಿ ಮೆಮೊರಿ ಚಿಪ್‌ನ ಜೊತೆಗೇ ಅಂಟಿಕೊಂಡಿರುತ್ತದೆ, ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಇನ್ನೊಂದು ಸ್ಟಿಕ್ ತಂದು ಹಾಕುವ ಕಾಲ ಮುಗಿದಿದೆ. ಪ್ಯಾರಲಲ್ಸ್ ಸ್ಟ್ಯಾಂಡರ್ಡ್ ಕೊಂಡವರಿಗೆ ಇನ್ನೊಂದು ಗೋಡೆ ಇದೆ: ಅದರಲ್ಲಿ ಒಂದು ವರ್ಚುವಲ್ ಮಷೀನಿಗೆ 8 ಜಿಬಿ ಮೆಮೊರಿ, 4 ಕೋರ್‌ಗಿಂತ ಹೆಚ್ಚು ಕೊಡಲಾಗುವುದಿಲ್ಲ. 32 ಜಿಬಿ ಮ್ಯಾಕ್ ಕೊಂಡು ಈ ಮಿತಿ ಗೊತ್ತಿಲ್ಲದೆ ತಲೆ ಕೆರೆದುಕೊಳ್ಳುವವರಿಗೆ ಪ್ರೊ ಆವೃತ್ತಿಯೇ ದಾರಿ.

ಮೆಮೊರಿ ಹಸಿರಾಗಿದ್ದೂ ಎಲ್ಲಾ ನಿಧಾನ ಅಂದರೆ ವರ್ಚುವಲ್ ಮಷೀನ್ ಫೈಲ್ ಎಲ್ಲಿದೆ ನೋಡಿ. ತಿರುಗುವ ಹಳೇ ಹಾರ್ಡ್‌ಡಿಸ್ಕ್ ಮೇಲಿದ್ದರೆ ಉತ್ತರ ಸಿಕ್ಕಿತು. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿದ್ದು ಐಕ್ಲೌಡ್ ಅದನ್ನು ಸಿಂಕ್ ಮಾಡುತ್ತಿದ್ದರೆ ಇನ್ನೂ ಅನಾಹುತ. ಹತ್ತಾರು ಜಿಬಿಯ ಫೈಲು ನೀವು ಗೆರೆ ಎಳೆದಾಗೆಲ್ಲ ಬದಲಾಗುತ್ತದೆ, ಅದು ಮತ್ತೆ ಮತ್ತೆ ಮೇಲೆ ಹತ್ತಲು ನೋಡುತ್ತದೆ. ಸಿಂಕ್ ಆಗದ ಫೋಲ್ಡರಿಗೆ ಸರಿಸಿ.

ಬೆಳಿಗ್ಗೆ ಚೆನ್ನಾಗಿದ್ದು ಅರ್ಧ ಗಂಟೆ ಆದ ಮೇಲೆ ನಿಧಾನವಾಗುತ್ತದೆಯೇ? ಮ್ಯಾಕ್‌ಬುಕ್ ಏರ್ ಆಗಿದ್ದರೆ ಅದು ಕಾಯಿಲೆಯಲ್ಲ. ಎಂ ಚಿಪ್‌ನ ಏರ್‌ಗಳಲ್ಲಿ ಫ್ಯಾನೇ ಇಲ್ಲ, ಬಿಸಿಯಾದರೆ ಚಿಪ್ ತಾನೇ ವೇಗ ಇಳಿಸುತ್ತದೆ. ಮೇ ತಿಂಗಳ ಡೊಂಬಿವಲಿಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಹಾಸಿಗೆ ಮೇಲೆ ಇಟ್ಟುಕೊಂಡು ರೆಂಡರ್ ಮಾಡಿದರೆ ಅದು ಇನ್ನೇನು ಮಾಡಬೇಕು? ಗಟ್ಟಿ ಮೇಜಿನ ಮೇಲೆ ಇಡಿ, ಹಿಂಬದಿ ಸ್ವಲ್ಪ ಎತ್ತಿ. ಒದ್ದೆ ಬಟ್ಟೆ, ಐಸ್ ಪ್ಯಾಕ್ ಅಂತ ತಂತ್ರ ಮಾಡಬೇಡಿ. ಇಲ್ಲಿನ ಗಾಳಿಯಲ್ಲಿ ತಣ್ಣಗಿನ ಲೋಹದ ಮೇಲೆ ನೀರು ಕೂರುವುದಕ್ಕೆ ಹೆಚ್ಚು ಹೊತ್ತು ಬೇಡ.

3ಡಿ ವ್ಯೂ ಕಪ್ಪು, ಗೆರೆಗಳು ಮಿಣುಕುತ್ತವೆ, ರೆಂಡರ್‌ಗೆ ಜಿಪಿಯು (ಗ್ರಾಫಿಕ್ಸ್ ಚಿಪ್) ಸಿಗುತ್ತಿಲ್ಲ

ಕೊಹಿರೆನ್ಸ್ ಮೋಡ್‌ನಲ್ಲಿ, ಅಂದರೆ ವಿಂಡೋಸ್ ಕಿಟಕಿಗಳು ಮ್ಯಾಕ್ ಕಿಟಕಿಗಳ ಮಧ್ಯೆ ತೇಲುವ ಹಾಗೆ ಓಡಿಸುತ್ತಿದ್ದರೆ ಅದನ್ನು ಬಿಟ್ಟು ಪೂರ್ತಿ ವಿಂಡೋಗೆ ಬನ್ನಿ. ನೋಡಲು ಚೆಂದ, ಕ್ಯಾಡ್‌ಗೆ ತಲೆನೋವು. ನಂತರ ಪ್ಯಾರಲಲ್ಸ್ ಟೂಲ್ಸ್ ಹೊಸದಾಗಿದೆಯೇ ನೋಡಿ, ಗ್ರಾಫಿಕ್ಸ್ ಡ್ರೈವರ್ ಬರುವುದು ಅದರಲ್ಲೇ. ಮುಂದಿನ ಹೆಜ್ಜೆ, ಸಾಫ್ಟ್‌ವೇರಿನೊಳಗೆ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಆಫ್ ಮಾಡಿ ನೋಡುವುದು. ಆಟೋಕ್ಯಾಡ್‌ನಲ್ಲಿ ಗ್ರಾಫಿಕ್ಸ್‌ಕಾನ್ಫಿಗ್ ಅಂತ ಕಮಾಂಡ್ ಕೊಟ್ಟರೆ ಸ್ವಿಚ್ ಸಿಗುತ್ತದೆ. ಆಫ್ ಮಾಡಿದಾಗ ಚಿತ್ರ ಸರಿಯಾಗಿ, ಆದರೆ ನಿಧಾನವಾಗಿ ಬಂದರೆ ದೋಷ ಮಧ್ಯದ ಮಹಡಿಯಲ್ಲಿದೆ, ಅಂದರೆ ವರ್ಚುವಲ್ ಮಷೀನ್ ಕೊಡುವ ಗ್ರಾಫಿಕ್ಸ್‌ನಲ್ಲಿ.

ಅಲ್ಲಿ ಒಂದು ಮಿತಿ ಇದೆ, ಅದು ದುರಸ್ತಿಯಿಂದ ಹೋಗುವಂಥದ್ದಲ್ಲ. ವಿಂಡೋಸ್ 3ಡಿ ಚಿತ್ರ ಬಿಡಿಸುವುದು ಡೈರೆಕ್ಟ್‌ಎಕ್ಸ್ ಎಂಬುದರ ಮೂಲಕ; ಪ್ಯಾರಲಲ್ಸ್, ಫ್ಯೂಶನ್ ಎರಡೂ ಅದರ 11ರ ಮಟ್ಟದ ಗ್ರಾಫಿಕ್ಸ್ ಕೊಡುತ್ತವೆ. 12 ಬೇಕೇ ಬೇಕು ಅನ್ನುವ ಸಾಫ್ಟ್‌ವೇರ್ ಇಲ್ಲಿ ಓಡುವುದಿಲ್ಲ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳ "ಕೂಡಾ" (CUDA) ಎಂಬ ತಂತ್ರದ ಮೇಲೆ ನಿಂತ ಜಿಪಿಯು ರೆಂಡರರ್‌ಗಳಿಗೂ ಇಲ್ಲಿ ಜಾಗವಿಲ್ಲ, ಯಾಕೆಂದರೆ ಈ ಮ್ಯಾಕ್‌ಗಳಲ್ಲಿ ಎನ್‌ವಿಡಿಯಾ ಇಲ್ಲ, ಹೊರಗಿನ ಗ್ರಾಫಿಕ್ಸ್ ಬಾಕ್ಸ್ ಸಿಕ್ಕಿಸಲೂ ಎಂ ಚಿಪ್‌ನಲ್ಲಿ ಬೆಂಬಲ ಇಲ್ಲ. ಸಿಪಿಯು ರೆಂಡರ್‌ಗೆ ಬದಲಿಸಿ, ಇಲ್ಲವಾದರೆ ಕೊನೆಯ ಭಾಗ ಓದಿ.

ಐಕಾನ್‌ಗಳು ಇರುವೆಯಷ್ಟು, ಕೀಲಿಗಳು ಮಾತು ಕೇಳುವುದಿಲ್ಲ

ರೆಟಿನಾ ಪರದೆಯಲ್ಲಿ ಹಳೇ ಸಾಫ್ಟ್‌ವೇರಿನ ಟೂಲ್‌ಬಾರ್ ಚಿಕ್ಕದಾಗುವುದು ಮಾಮೂಲು. ವಿಂಡೋಸಿನಲ್ಲಿ ಆ ಸಾಫ್ಟ್‌ವೇರಿನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್, ಅಲ್ಲಿ ಸ್ಕೇಲಿಂಗನ್ನು ಸಿಸ್ಟಮ್‌ಗೆ ಒಪ್ಪಿಸಿ. ಸ್ವಲ್ಪ ಮಸುಕಾಗುತ್ತದೆ, ಕಣ್ಣು ಉಳಿಯುತ್ತದೆ.

ಆಟೋಕ್ಯಾಡ್‌ನಲ್ಲಿ ಎಫ್8 ಒತ್ತಿದರೆ ಆರ್ಥೋ (ನೇರ ಗೆರೆಯ ಮೋಡ್) ಬದಲು ಹಾಡು ಶುರುವಾಗುತ್ತದೆಯೇ? ಮ್ಯಾಕ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಎಫ್ ಕೀಲಿಗಳನ್ನು ಮಾಮೂಲಿ ಕೀಲಿಗಳಾಗಿ ಬಳಸುವ ಆಯ್ಕೆ ಇದೆ, ಹಾಕಿ. ಡಿಲೀಟ್‌ಗೆ ಎಫ್‌ಎನ್ ಜೊತೆ ಡಿಲೀಟ್ ಒತ್ತಬೇಕು. ಇನ್ನು ಟ್ರ್ಯಾಕ್‌ಪ್ಯಾಡಿನಲ್ಲಿ ಕ್ಯಾಡ್ ಮಾಡುವ ಹಟ ಬಿಡಿ, ಮಧ್ಯದಲ್ಲಿ ಚಕ್ರ ಇರುವ ಸಾದಾ ಮೌಸ್ ತಂದುಕೊಳ್ಳಿ. ಈ ಬರಹದಲ್ಲಿ ಇರುವ ಅತ್ಯಂತ ಅಗ್ಗದ ದುರಸ್ತಿ ಅದು.

ಸೇವ್ ಆಗುವುದಿಲ್ಲ, ಫೈಲ್ ಲಾಕ್ ಆಗಿದೆ ಅನ್ನುತ್ತದೆ

ಮತ್ತೆ ಅದೇ ಹಂಚಿಕೊಂಡ ಫೋಲ್ಡರ್. ವಿಂಡೋಸಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಂದು ಕಾಣುವುದು ನಿಜಕ್ಕೂ ಮ್ಯಾಕ್‌ನ ಫೋಲ್ಡರುಗಳಾಗಿರಬಹುದು. ಫೈಲಿನ ವಿಳಾಸದ ಶುರುವಿನಲ್ಲೇ ಮ್ಯಾಕ್ ಎಂಬ ಹೆಸರು ಕಂಡರೆ ಅದೇ. ಕೆಲಸ ಮಾಡುವಷ್ಟು ಹೊತ್ತು ಫೈಲನ್ನು ಸಿ ಡ್ರೈವಿನಲ್ಲಿ ಇಡಿ, ಸಂಜೆ ಮ್ಯಾಕ್ ಕಡೆಗೆ ಕಾಪಿ ಮಾಡಿ. ಸಂಜೆಯ ಈ ಕಾಪಿಯನ್ನು ತಪ್ಪದ ಅಭ್ಯಾಸ ಮಾಡಿಕೊಳ್ಳಿ, ನನ್ನ ಕಿಚನ್ ಡ್ರಾಯಿಂಗಿನ ಗತಿ ಮೇಲೆ ಹೇಳಿದ್ದೇನೆ. ಪೆನ್‌ಡ್ರೈವಿಗೆ ಮ್ಯಾಕ್‌ನಿಂದ ಬರೆಯಲಾಗುತ್ತಿಲ್ಲ ಅಂದರೆ ಅದು ಎನ್‌ಟಿಎಫ್‌ಎಸ್ ಇರಬೇಕು. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಎರಡೂ ಕಡೆ ನಡೆಯುತ್ತದೆ. ಫಾರ್ಮ್ಯಾಟ್ ಅಂದರೆ ಒಳಗಿನದೆಲ್ಲ ಅಳಿಸುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತಿದ್ದೇನೆ.

ಕನ್ನಡ ಅಕ್ಷರ ಟೋಪಿ ಬಾಲ ಹೊತ್ತ ಇಂಗ್ಲಿಷ್ ಆಗಿ ಕಾಣುತ್ತದೆ

ಇದು ನಮ್ಮವರದೇ ಸಮಸ್ಯೆ, ಬೇರೆ ಯಾವ ಗೈಡಿನಲ್ಲೂ ಸಿಗುವುದಿಲ್ಲ. ಮುಂಬೈಯಲ್ಲಿ ಕನ್ನಡ ಮದುವೆ ಕಾರ್ಡು, ಸಂಘದ ಆಮಂತ್ರಣ, ಯಕ್ಷಗಾನದ ಬ್ಯಾನರ್ ಮಾಡುವವರ ಹತ್ತಿರ ಇರುವ ಹಳೇ ಫೈಲುಗಳು ಹೆಚ್ಚಾಗಿ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನವು. ಮ್ಯಾಕ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಗೆರೆ. ಫೈಲ್ ಕೆಟ್ಟಿದೆ ಅಂತ ಮತ್ತೆ ಟೈಪ್ ಮಾಡಲು ಕೂರಬೇಡಿ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿಗೆ ಯುನಿಕೋಡ್ ಅಂತ ಹೆಸರು, ನುಡಿಯ ಹಳೇ ಫಾಂಟುಗಳು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ, ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಬೆತ್ತಲಾಗುತ್ತದೆ. ಅಕ್ಷರದ ಬದಲು ಖಾಲಿ ಚೌಕ ಕಂಡರೆ ಅದು ಬೇರೆ: ಅಲ್ಲಿ ಪಠ್ಯ ಯುನಿಕೋಡ್, ಆರಿಸಿದ ಫಾಂಟಿನಲ್ಲಿ ಕನ್ನಡ ಇಲ್ಲ.

ಮೊದಲನೆಯದಕ್ಕೆ ನುಡಿ ಫಾಂಟನ್ನು ವಿಂಡೋಸಿನೊಳಗೆ ಹಾಕಿ. ಮ್ಯಾಕ್‌ನಲ್ಲಿ ಹಾಕಿದ್ದೇನಲ್ಲ ಅಂದರೆ ಸಾಲದು, ಎರಡು ಮಹಡಿಗೂ ಬೇರೆ ಬೇರೆ ಫಾಂಟ್ ಪೆಟ್ಟಿಗೆ. ಎರಡನೆಯದಕ್ಕೆ ವಿಂಡೋಸಿನಲ್ಲಿ ನಿರ್ಮಲಾ ಯುಐ ಆರಿಸಿದರೆ ಅಕ್ಷರ ಬರುತ್ತದೆ.

ನುಡಿ ಹಾಕಿಯೂ ಟೈಪ್ ಮಾಡಿದರೆ ಇಂಗ್ಲಿಷೇ ಬರುತ್ತಿದ್ದರೆ ಎರಡು ಜಾಗ ನೋಡಿ. ನುಡಿಯಲ್ಲಿ ಭಾಷೆ ಬದಲಿಸುವುದು ಸ್ಕ್ರೋಲ್ ಲಾಕ್ ಕೀಲಿಯಿಂದ, ಮ್ಯಾಕ್‌ಬುಕ್ಕಿನಲ್ಲಿ ಆ ಕೀಲಿಯೇ ಇಲ್ಲ! ವಿಂಡೋಸಿನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದರೆ ಅದರಲ್ಲಿ ಇದೆ. ಇನ್ನೊಂದು, ಡಿಸೈನ್ ಸಾಫ್ಟ್‌ವೇರನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆದು ನುಡಿಯನ್ನು ಮಾಮೂಲಾಗಿ ತೆರೆದಿದ್ದರೆ ನುಡಿಯ ಕೀಲಿಗಳು ಅದಕ್ಕೆ ತಲುಪುವುದಿಲ್ಲ. ಎರಡನ್ನೂ ಒಂದೇ ರೀತಿ ತೆರೆಯಿರಿ.

ಪ್ರೆಸ್‌ಗೆ ಕಳಿಸುವಾಗ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿಸಿ, ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ. ಗಿರಗಾಂವ್‌ನ ಖಾಡಿಲ್ಕರ್ ರೋಡಿನ ಕಾರ್ಡಿನ ಅಂಗಡಿಯವರ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇರುತ್ತದೆ ಅಂತ ನಂಬಿ ಕೂರಬೇಡಿ. ಕರ್ವ್ ಮಾಡದ ಮೂಲವನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಕರ್ವ್ ಆದ ಮೇಲೆ ಮದುಮಗನ ಅಜ್ಜಿಯ ಹೆಸರಿನಲ್ಲಿ ಒತ್ತಕ್ಷರ ತಪ್ಪಿದ್ದು ಕಣ್ಣಿಗೆ ಬೀಳುವುದು ಗ್ಯಾರಂಟಿ.

ಪ್ರಿಂಟರ್, ಪ್ಲಾಟರ್ ಕಾಣುತ್ತಿಲ್ಲ

ಡಾಂಗಲಿನ ಕಥೆಯೇ, ಡ್ರೈವರ್ ಆರ್ಮ್‌ನದಲ್ಲ. ಗುದ್ದಾಡಬೇಡಿ. ವಿಂಡೋಸಿನಲ್ಲಿ ಪಿಡಿಎಫ್ ಮಾಡಿ, ಮ್ಯಾಕ್‌ನಿಂದ ಪ್ರಿಂಟ್ ಕೊಡಿ. ಆಫೀಸಿನ ಲೈಸೆನ್ಸ್ ಸರ್ವರ್ ಸಿಗುತ್ತಿಲ್ಲ ಅಂದರೆ ಮಾತ್ರ ವರ್ಚುವಲ್ ಮಷೀನಿನ ನೆಟ್‌ವರ್ಕನ್ನು ಶೇರ್ಡ್‌ನಿಂದ ಬ್ರಿಡ್ಜ್ಡ್‌ಗೆ ಬದಲಿಸಿ ನೋಡಿ.

ಬ್ಯಾಗಿನಲ್ಲಿ ಬೆಂಕಿಯಂತೆ ಬಿಸಿ, ಮುಟ್ಟಿದರೆ ಜುಮ್ ಅನ್ನುತ್ತದೆ

ಡೊಂಬಿವಲಿಯಲ್ಲಿ ಮುಚ್ಚಳ ಹಾಕಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ದಾದರಿನಲ್ಲಿ ತೆಗೆದಾಗ ಇಸ್ತ್ರಿ ಪೆಟ್ಟಿಗೆಯಾಗಿದ್ದರೆ, ಒಳಗೆ ವಿಂಡೋಸ್ ಮ್ಯಾಕ್‌ನ್ನು ಮಲಗಲು ಬಿಟ್ಟಿರಲಿಕ್ಕಿಲ್ಲ. ಹೊರಡುವ ಮೊದಲು ವಿಂಡೋಸನ್ನು ಸಸ್ಪೆಂಡ್ ಮಾಡಿ, ಆಮೇಲೆ ಮುಚ್ಚಳ. ಲೋಕಲಿನ ನೂಕುನುಗ್ಗಲಿನಲ್ಲಿ ಬಿಸಿ ಬ್ಯಾಟರಿ ಎದೆಗೆ ಒತ್ತಿಕೊಂಡು ನಿಲ್ಲುವುದು ಒಳ್ಳೆಯದಲ್ಲ.

ಚಾರ್ಜಿನಲ್ಲಿದ್ದಾಗ ಲೋಹದ ಮೈ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುವುದು ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅರ್ಥಿಂಗ್ ಇಲ್ಲದ್ದರಿಂದ. ಮೂರು ಪಿನ್ನಿನ ಉದ್ದ ಕೇಬಲ್ ಹಾಕಿ, ಅರ್ಥಿಂಗ್ ಸರಿ ಇರುವ ಪಾಯಿಂಟಿಗೆ ಚುಚ್ಚಿ. ಆಗಲೂ ಜುಮ್ ಅಂದರೆ ಪಾಯಿಂಟನ್ನು ಎಲೆಕ್ಟ್ರಿಶಿಯನ್‌ಗೆ ತೋರಿಸಿ. ಅದು ಹೆಚ್ಚಾಗಿ ಕಂಪ್ಯೂಟರಿನದಲ್ಲ, ಮನೆಯ ದೋಷ.

ಟ್ರ್ಯಾಕ್‌ಪ್ಯಾಡ್ ಒತ್ತಲಾಗುತ್ತಿಲ್ಲ, ಅಥವಾ ಕೆಳಗಿನ ಮುಚ್ಚಳ ಉಬ್ಬಿದೆ, ಮೇಜಿನ ಮೇಲೆ ಇಟ್ಟರೆ ಅಲುಗುತ್ತದೆ ಅಂದರೆ ಬ್ಯಾಟರಿ ಊದಿಕೊಂಡಿದೆ. ಆಗ ಈ ಬರಹ ಮುಚ್ಚಿ. ಆಫ್ ಮಾಡಿ, ಚಾರ್ಜ್ ತೆಗೆಯಿರಿ, ಒತ್ತಿ ಕೂರಿಸಲು ಹೋಗಬೇಡಿ, ಬಿಚ್ಚಬೇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಎಲ್ಲಿ ಕೈ ಬಿಡಬೇಕು

ವಿಂಡೋಸ್ ತೆರೆಯದೆಯೂ ಮ್ಯಾಕ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ನೆಲಮಹಡಿಯೇ ಹಾಳಾಗಿದೆ. ಎಂ ಚಿಪ್‌ನ ಮ್ಯಾಕ್ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿದು ಆಯ್ಕೆಗಳು ಬಂದಾಗ ಕಮಾಂಡ್ ಮತ್ತು ಡಿ ಒತ್ತಿದರೆ ಆಪಲ್ ಡಯಾಗ್ನಾಸ್ಟಿಕ್ಸ್ ತೆರೆಯುತ್ತದೆ. ಇಂಟೆಲ್‌ನಲ್ಲಿ ಆನ್ ಆಗುವಾಗ ಡಿ ಹಿಡಿಯಬೇಕು. ಬಂದ ಕೋಡ್ ಬರೆದುಕೊಂಡು ರಿಪೇರಿಯವರಿಗೆ ತೋರಿಸಿ. ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಇದ್ದರೆ ಡಿಸ್ಕ್ ಯುಟಿಲಿಟಿಯಲ್ಲಿ ಪಾರ್ಟಿಶನ್ ಅಳಿಸುವ, ಸೇರಿಸುವ ಪ್ರಯೋಗ ಬ್ಯಾಕಪ್ ಇಲ್ಲದೆ ಬೇಡ.

ಎಲ್ಲಾ ಮಹಡಿ ಸರಿ ಇದ್ದು, ದಿನಾ ಎಂಟು ಗಂಟೆ 3ಡಿಎಸ್ ಮ್ಯಾಕ್ಸ್ ಅಥವಾ ರೆವಿಟ್ಟೇ ನಿಮ್ಮ ಹೊಟ್ಟೆಪಾಡು ಅಂದರೆ ನನ್ನ ಅಭಿಪ್ರಾಯ ನೇರ: ವರ್ಚುವಲ್ ಮಷೀನಿಗೆ ದುಡ್ಡು ಸುರಿಯುವುದು ನಿಲ್ಲಿಸಿ. ಎನ್‌ವಿಡಿಯಾ ಕಾರ್ಡ್ ಇರುವ ಸೆಕೆಂಡ್ ಹ್ಯಾಂಡ್ ವಿಂಡೋಸ್ ಡೆಸ್ಕ್‌ಟಾಪ್ ತಂದು ಮೂಲೆಯಲ್ಲಿ ಇಡಿ, ಅದರಲ್ಲಿ ವಿಂಡೋಸ್ ಪ್ರೊ ಇರಲಿ, ಮ್ಯಾಕ್‌ನಿಂದ ಮೈಕ್ರೋಸಾಫ್ಟ್‌ನ "ವಿಂಡೋಸ್ ಆ್ಯಪ್" ಎಂಬ ಹೆಸರಿನದೇ ಸಾಫ್ಟ್‌ವೇರ್ ಮೂಲಕ ಅದಕ್ಕೆ ಸೇರಿಕೊಳ್ಳಿ. ನನ್ನದು ಈಗ ಹಾಗೇ ಇದೆ, ಫ್ರಿಜ್ಜಿನ ಪಕ್ಕದಲ್ಲಿ. ಪ್ಯಾರಲಲ್ಸ್ ಇನ್ನೂ ಇಟ್ಟುಕೊಂಡಿದ್ದೇನೆ, ನುಡಿಗೆ ಮತ್ತು ಸಣ್ಣಪುಟ್ಟ ತಿದ್ದುಪಡಿಗೆ. ರೆಂಡರ್ ಓಡುವಾಗ ಆ ಡಬ್ಬದ ಫ್ಯಾನ್ ಸದ್ದಿಗೆ ಹೆಂಡತಿ ಟಿವಿ ವಾಲ್ಯೂಮ್ ಎರಡು ಗೆರೆ ಏರಿಸುತ್ತಾಳೆ.